ಮನಸ್ಸಿಲ್ಲದ ಹೊತ್ತಿನ ಪ್ರಾರ್ಥನೆ

ಪ್ರಾರ್ಥಿಸಲು ಮನಸ್ಸಿಲ್ಲದ ದಿನವೂ ಪ್ರಾರ್ಥಿಸುವುದು ನಿಷ್ಠೆಯೋ, ನಟನೆಯೋ? ಕ್ರೈಸ್ತ ಮನೆಯಲ್ಲಿ ಬೆಳೆದು, ಊರು ಬಿಟ್ಟು ಹಾಸ್ಟೆಲು ಸೇರಿ, ನಾಲ್ಕು ಒಳ್ಳೆಯ ಪುಸ್ತಕ ಓದಿದ ಹುಡುಗ ಹುಡುಗಿಯರಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ತಲೆ ಎತ್ತುತ್ತದೆ. ಮನೆಯಲ್ಲಿದ್ದಾಗ ಸಂಜೆಯ ಕುಟುಂಬ ಪ್ರಾರ್ಥನೆ ಊಟದಷ್ಟೇ ಸಹಜವಾಗಿ ನಡೆದುಹೋಗುತ್ತಿತ್ತು. ಕರೆಯುವವರು ಇಲ್ಲದ ಕಡೆ ಬಂದಮೇಲೆ ಅದು ತಾನಾಗಿಯೇ ಮಾಡಬೇಕಾದ ಕೆಲಸವಾಗುತ್ತದೆ. ಆಗ ಮನಸ್ಸು ಕೇಳುತ್ತದೆ: ಒಳಗೆ ಏನೂ ಅನ್ನಿಸದೆ ಇರುವಾಗ ಕೈಮುಗಿದು ಕೂತರೆ ನಾನು ದೇವರಿಗೇ ಸುಳ್ಳು ಹೇಳಿದಂತೆ ಆಗುವುದಿಲ್ಲವೇ? ಅನ್ನಿಸಿದಾಗ ಮಾತ್ರ ಪ್ರಾರ್ಥಿಸಿದರೆ ಅದಲ್ಲವೇ ಪ್ರಾಮಾಣಿಕ?

ನಾನು ಈ ಪ್ರಶ್ನೆಯನ್ನು ಸೋಮಾರಿತನದ ನೆಪ ಎಂದು ತಳ್ಳಿಹಾಕುವುದಿಲ್ಲ. ಇದರ ಹಿಂದೆ ದೊಡ್ಡ ಹಿರಿಯರಿದ್ದಾರೆ. ತುಟಿಯಿಂದ ದೇವರನ್ನು ಗೌರವಿಸಿ ಹೃದಯವನ್ನು ದೂರ ಇಟ್ಟುಕೊಂಡ ಜನರ ಮೇಲೆ ಪ್ರವಾದಿ ಯೆಶಾಯ ಹರಿಹಾಯುತ್ತಾನೆ. ಜನ ನೋಡಲಿ ಎಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಯೇಸು ಕಪಟಿಗಳು ಎನ್ನುತ್ತಾನೆ. ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಕಡೆಯಿಂದಲೂ ಇದೇ ಎಚ್ಚರಿಕೆ ಬಂದಿದೆ. ಅಂತರಂಗ ಶುದ್ಧವಿಲ್ಲದ ಆಚರಣೆಯನ್ನು 12ನೆಯ ಶತಮಾನದ ವಚನಕಾರರು ಎಷ್ಟು ನಿಷ್ಠುರವಾಗಿ ಪ್ರಶ್ನಿಸಿದರೆಂದರೆ, ಶಾಲೆಯಲ್ಲಿ ಹತ್ತು ವಚನ ಓದಿದ ಹುಡುಗನಿಗೂ ‘ರೂಢಿ’ ಎಂಬ ಮಾತು ಕಿವಿಗೆ ಬಿದ್ದರೆ ಸಂಶಯ ಬರುತ್ತದೆ. ಹೀಗಾಗಿ ಕನ್ನಡದ ಕ್ರೈಸ್ತ ವಿದ್ಯಾರ್ಥಿಗೆ ಈ ಸಂಶಯ ಇಮ್ಮಡಿಯಾಗಿ ಬಂದಿರುತ್ತದೆ.

ಆದರೆ ಆ ಹಿರಿಯರು ದಿನನಿತ್ಯದ ನಿಯಮವನ್ನೇ ಬಿಡಿ ಎಂದರೇ? ಗುಡಿಯ ಆಡಂಬರವನ್ನು ಟೀಕಿಸಿದ ಶರಣರು ಅಂಗೈಯ ಇಷ್ಟಲಿಂಗದ ಪೂಜೆಯನ್ನು ಮನಸ್ಸು ಬಂದ ದಿನಕ್ಕೆ ಮಾತ್ರ ಎಂದು ಮೀಸಲಿಡಲಿಲ್ಲ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ಬೀದಿಯ ಪ್ರಾರ್ಥನೆಯನ್ನು ದೂರಿದ ಬಳಿಕ ಹೇಳುವುದು ಪ್ರಾರ್ಥನೆ ಬೇಡ ಎಂದಲ್ಲ. ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು. ಅಲ್ಲಿರುವ ಗ್ರೀಕ್ ಪದಕ್ಕೆ ಮನೆಯ ಉಗ್ರಾಣ, ಸಾಮಾನು ಕೂಡಿಡುವ ಕೋಣೆ ಎಂಬ ಅರ್ಥವಿದೆ. ಅಂದರೆ ಪೂಜ್ಯವಾದ ಸ್ಥಳವೇನೂ ಅಲ್ಲ. ಕಾಳು, ಎಣ್ಣೆ ಇಡುವ, ಅತಿಥಿಗಳು ಬರದ ಜಾಗ. ಆಮೇಲೆ ಅವನು ಶಿಷ್ಯರಿಗೆ ಒಂದು ಪುಟ್ಟ ಪ್ರಾರ್ಥನೆಯನ್ನು ಸಿದ್ಧ ಮಾತುಗಳಲ್ಲಿ ಕೊಡುತ್ತಾನೆ. ಅವನು ಅಲ್ಲಗಳೆದದ್ದು ನೋಡುಗರಿಗಾಗಿ ಮಾಡುವ ಪ್ರದರ್ಶನವನ್ನು ಮತ್ತು ಮಾತಿನ ರಾಶಿ ಸುರಿದರೆ ದೇವರು ಒಲಿಯುತ್ತಾನೆ ಎಂಬ ಲೆಕ್ಕಾಚಾರವನ್ನು. ಆದಿಸಭೆ ಇದನ್ನು ಹೀಗೆಯೇ ಅರ್ಥ ಮಾಡಿಕೊಂಡಿತು. ‘ದಿದಾಖೆ’ ಎಂಬ ಬಹಳ ಹಳೆಯ ಕ್ರೈಸ್ತ ಕೈಪಿಡಿ ಆ ಪ್ರಾರ್ಥನೆಯನ್ನು ದಿನಕ್ಕೆ 3 ಸಲ ಹೇಳಬೇಕೆಂದು ವಿಧಿಸುತ್ತದೆ. ಅದಕ್ಕೂ ಮುಂಚೆ ದಾನಿಯೇಲನ ಕಥೆಯಲ್ಲಿ ಅವನು ಯೆರೂಸಲೇಮಿನ ಕಡೆಯ ಕಿಟಕಿ ತೆರೆದು ದಿನಕ್ಕೆ 3 ಸಲ ಮೊಣಕಾಲೂರುತ್ತಾನೆ. ಪ್ರಾರ್ಥಿಸಿದರೆ ಸಿಂಹಗಳ ಗವಿ ಎಂದು ಗೊತ್ತಾದ ದಿನವೂ ಅವನು ಹೊಸದೇನನ್ನೂ ಮಾಡುವುದಿಲ್ಲ. ಮೊದಲು ಮಾಡುತ್ತಿದ್ದುದನ್ನೇ ಮಾಡುತ್ತಾನೆ. ಆ ಕಥೆಯಲ್ಲಿ ಧೈರ್ಯ ಎನ್ನುವುದು ರೂಢಿಯ ಇನ್ನೊಂದು ಹೆಸರು.

ಇಷ್ಟು ಹೇಳಿದರೆ ಪ್ರಶ್ನೆ ತೀರಲಿಲ್ಲ. ರೂಢಿ ಹಳೆಯದು ಎಂದಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಸುಳ್ಳು ಎಂದರೇನು ಎಂಬುದನ್ನೇ ಸ್ವಲ್ಪ ನೋಡಬೇಕು. ಇಲ್ಲದ್ದನ್ನು ಇದೆ ಎಂದು ನಂಬಿಸುವುದು ಸುಳ್ಳು. ‘ನನಗೆ ಈಗ ನಿನ್ನ ಮೇಲೆ ಬಹಳ ಭಕ್ತಿ ಉಕ್ಕುತ್ತಿದೆ’ ಎಂದು ಭಕ್ತಿ ಉಕ್ಕದ ಹೊತ್ತಿನಲ್ಲಿ ಹೇಳಿದರೆ ಅದು ಸುಳ್ಳೇ. ಆದರೆ ಯೇಸು ಕಲಿಸಿದ ಪ್ರಾರ್ಥನೆಯ ಕ್ರಿಯಾಪದಗಳನ್ನು ವ್ಯಾಕರಣದ ಕಣ್ಣಿನಿಂದ ನೋಡಿ. ಆಗಲಿ, ಬರಲಿ, ಕೊಡು, ಕ್ಷಮಿಸು, ತಪ್ಪಿಸು. ಅಲ್ಲಿ ನನಗೆ ಹೀಗೆ ಅನ್ನಿಸುತ್ತಿದೆ ಎಂಬ ವರದಿ ಇಲ್ಲ. ಇರುವುದು ಕೋರಿಕೆ. ಹಸಿವಿಲ್ಲದ ಹೊತ್ತಿನಲ್ಲೂ ನಾಳೆಯ ಅನ್ನ ಕೇಳುವುದು ಸುಳ್ಳಲ್ಲ, ಏಕೆಂದರೆ ನಾಳೆ ಹಸಿವಾಗುತ್ತದೆ. ಅದೂ ಆ ಪ್ರಾರ್ಥನೆಯಲ್ಲಿ ಅನ್ನ ಕೇಳುವುದು ‘ನನಗೆ’ ಅಲ್ಲ, ‘ನಮಗೆ’. ನನ್ನ ಹೊಟ್ಟೆ ತುಂಬಿದ್ದರೂ ಆ ‘ನಮಗೆ’ ಎಂಬುದರಲ್ಲಿ ಹಸಿದವರು ಇದ್ದೇ ಇರುತ್ತಾರೆ. ನನ್ನ ಈ ಕ್ಷಣದ ಭಾವ ಆ ಮಾತಿನ ಸತ್ಯಕ್ಕೆ ಅಳತೆಗೋಲೇ ಅಲ್ಲ.

ಕೀರ್ತನೆಗಳ ಪುಸ್ತಕ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದರಲ್ಲಿ 150 ಕೀರ್ತನೆಗಳಿವೆ. ಸ್ತೋತ್ರ ಇರುವಂತೆ ದೂರು, ಸಿಟ್ಟು, ಭಯ, ಬೇಸರ ಎಲ್ಲವೂ ಇವೆ. 88ನೆಯ ಕೀರ್ತನೆ ಒಂದೂ ಸಮಾಧಾನದ ಮಾತಿಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. 6ನೆಯ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮದಲ್ಲಿ ವಾರಕ್ಕೊಮ್ಮೆ ಈ 150ನ್ನೂ ಹಾಡಿ ಮುಗಿಸಬೇಕೆಂದು ಬರೆದ. ಅಂದರೆ ಖುಷಿಯಲ್ಲಿರುವ ಸನ್ಯಾಸಿಯ ಬಾಯಲ್ಲಿ ಗೋಳಿನ ಕೀರ್ತನೆ ಬರುತ್ತದೆ, ದುಃಖದಲ್ಲಿರುವವನ ಬಾಯಲ್ಲಿ ಹಬ್ಬದ ಕೀರ್ತನೆ. ಭಾವಕ್ಕೂ ಮಾತಿಗೂ ತಾಳೆಯಾಗದಿರುವುದು ಅಲ್ಲಿ ದೋಷವಲ್ಲ, ಅದೇ ವ್ಯವಸ್ಥೆ. ನನ್ನ ಪಾಡಿಗೆ ನಾನು ಚೆನ್ನಾಗಿರುವ ದಿನ ಆ ಗೋಳು ಯಾರದ್ದು ಎಂದು ಕೇಳಿಕೊಂಡರೆ ಆಸ್ಪತ್ರೆಯ ವಾರ್ಡು, ಜೈಲು, ಪಕ್ಕದ ಮನೆ ನೆನಪಾಗುತ್ತದೆ. ಜರ್ಮನಿಯ ಪಾದ್ರಿ ದೀತ್ರಿಶ್ ಬೊನ್ಹೋಫರ್ ಕೀರ್ತನೆಗಳ ಬಗ್ಗೆ 1940ರಲ್ಲಿ ಒಂದು ಪುಟ್ಟ ಪುಸ್ತಕ ಪ್ರಕಟಿಸಿದರು. ಹೃದಯದಲ್ಲಿದ್ದುದನ್ನು ಸುರಿಯುವುದೇ ಪ್ರಾರ್ಥನೆ ಎಂಬುದು ತಪ್ಪು ತಿಳಿವಳಿಕೆ, ಮಗು ತಂದೆಯ ಮಾತು ಕೇಳಿ ಮಾತು ಕಲಿಯುವಂತೆ ಪ್ರಾರ್ಥನೆಯನ್ನೂ ಕಲಿಯಬೇಕು ಎಂಬುದು ಅವರ ವಾದ. ಅದು ಬರೀ ವಾದವಾಗಿ ಉಳಿಯಲಿಲ್ಲ. ನಾಜಿಗಳ ಸೆರೆಮನೆಯಲ್ಲಿದ್ದು 1943ರ ಕ್ರಿಸ್ಮಸ್ಸಿಗೆ ಜೊತೆಯ ಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಆದರೂ ಯೇಸುವಿನ ಪ್ರಾರ್ಥನೆಯಲ್ಲಿ ಒಂದು ಮಾತು ಈ ವ್ಯಾಕರಣದ ಸಮಾಧಾನಕ್ಕೆ ಸಿಗುವುದಿಲ್ಲ. ಕ್ಷಮೆ ಕೇಳುವಲ್ಲಿ ನಾವೂ ಇತರರನ್ನು ಕ್ಷಮಿಸುತ್ತೇವೆ ಎಂಬ ಷರತ್ತು ಸೇರಿಕೊಂಡಿದೆ. ಇದು ಕೋರಿಕೆಯಲ್ಲ, ನನ್ನ ಬಗ್ಗೆ ನಾನೇ ಕೊಡುವ ಹೇಳಿಕೆ. ಇಲ್ಲಿ ಸುಳ್ಳು ನಿಜವಾಗಿಯೂ ಸಾಧ್ಯ. ನನ್ನ ಮಟ್ಟಿಗೆ ಪ್ರಾರ್ಥನೆಯ ನಿಯಮದ ಪ್ರಶ್ನೆ ಗಂಭೀರವಾಗುವುದು ಈ ಒಂದು ಮಾತಿನಲ್ಲಿ. ಕ್ಷಮಿಸದವನು ಇದನ್ನು ದಿನಾ ಹೇಳಬಹುದೇ?

ಇದಕ್ಕೆ ನನಗೆ ಸಿಕ್ಕ ಉತ್ತರ ಪುಸ್ತಕದ್ದಲ್ಲ, ನನ್ನ ಅಜ್ಜಿಯದು. ಮಂಗಳೂರಿನ ಕಡೆಯ ಬಾಸೆಲ್ ಮಿಶನ್ ಸಭೆಯ ಬಹಳ ಮನೆಗಳಂತೆ ನಮ್ಮದರಲ್ಲೂ ಮನೆಮಾತು ತುಳು, ದೇವರ ಮುಂದೆ ಮಾತ್ರ ಕನ್ನಡ. ಅಜ್ಜಿಗೆ ಒಬ್ಬ ತಮ್ಮ ಇದ್ದ. ತವರಿನ ತೆಂಗಿನ ತೋಟದಲ್ಲಿ ಅಕ್ಕನಿಗೆ ಬರಬೇಕಾದ ಪಾಲನ್ನು ಅವನು ಕೊಡಲಿಲ್ಲ. ಮಾತು ನಿಂತಿತು, ಮದುವೆ ಮಸಣ ಎರಡಕ್ಕೂ ಹೋಗಿಬರುವುದು ನಿಂತಿತು. ಆದರೆ ರಾತ್ರಿ ಗಂಜಿ ಊಟಕ್ಕೆ ಮೊದಲು ಅಜ್ಜಿ ಪ್ರಾರ್ಥನೆ ಮಾಡುವಾಗ ಮಕ್ಕಳು, ಮೊಮ್ಮಕ್ಕಳು, ನೆರೆಯವರು ಎಲ್ಲರ ಹೆಸರು ಮುಗಿದ ಮೇಲೆ ಒಂದು ಕ್ಷಣ ನಿಲ್ಲಿಸಿ ಆ ತಮ್ಮನ ಹೆಸರು ಹೇಳುತ್ತಿದ್ದರು. ಹೆಸರಷ್ಟೇ. ಅವನಿಗೆ ಒಳ್ಳೆಯದಾಗಲಿ ಎಂದೂ ಇಲ್ಲ, ಬುದ್ಧಿ ಬರಲಿ ಎಂದೂ ಇಲ್ಲ. ದನಿಯಲ್ಲಿ ಪ್ರೀತಿ ಇರಲಿಲ್ಲ. ಆಮೆನ್ ಆದ ಮರುಗಳಿಗೆಯೇ ಅವನ ಸುದ್ದಿ ಬಂದರೆ ಅಜ್ಜಿಯ ಮುಖ ಬಿಗಿಯುತ್ತಿತ್ತು. ವರ್ಷಗಳು ಹೀಗೇ ಹೋದವು. ಕೊನೆಗೆ ಅವನು ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ, ಯಾರೂ ಹೇಳದೆ, ಅಜ್ಜಿ ಬಸ್ಸು ಹತ್ತಿ ಹೋಗಿ ಎಂಟು ದಿನ ಅವನ ಆರೈಕೆ ಮಾಡಿ ಬಂದರು. ತೋಟದ ಪಾಲು ಸಿಗಲಿಲ್ಲ. ಅವನು ಕ್ಷಮೆ ಕೇಳಿದನೆಂದೂ ಅಜ್ಜಿ ಹೇಳಲಿಲ್ಲ. ‘ಅಷ್ಟು ಮಾಡಿದವನ ಮನೆಗೆ ಹೇಗೆ ಹೋದಿರಿ ಅಜ್ಜಿ?’ ಎಂದು ನಾನು ಕೇಳಿದ್ದಕ್ಕೆ ತುಳುವಿನಲ್ಲಿ ಅವರು ಹೇಳಿದ್ದು ಇಷ್ಟು: ‘ದಿನಾ ದೇವರ ಮುಂದೆ ಅವನ ಹೆಸರು ಹೇಳಿದ್ದೇನಲ್ಲ ಮಗಾ. ಈಗ ಹೋಗದೆ ಕೂತರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ.’

ಈ ಮಾತಿನಲ್ಲಿ ನಮ್ಮ ಪ್ರಶ್ನೆ ತಲೆಕೆಳಗಾಗುತ್ತದೆ. ಪ್ರಾರ್ಥನೆ ಸತ್ಯವೋ ಸುಳ್ಳೋ ಎಂದು ತಿಳಿಯಲು ನಾವು ಹಿಂದಕ್ಕೆ ನೋಡುತ್ತೇವೆ: ಈ ಮಾತು ಬರುವ ಮೊದಲು ಎದೆಯಲ್ಲಿ ಏನಿತ್ತು ಎಂದು ಹುಡುಕುತ್ತೇವೆ. ಅಜ್ಜಿ ನೋಡಿದ್ದು ಮುಂದಕ್ಕೆ. ಅವರ ಮಟ್ಟಿಗೆ ಪ್ರಾರ್ಥನೆ ಒಂದು ಕೊಟ್ಟ ಮಾತು. ಮಾತನ್ನು ಉಳಿಸಿಕೊಳ್ಳುವುದು ಎಂದು ಕನ್ನಡದಲ್ಲಿ ಹೇಳುತ್ತೇವಲ್ಲ, ಹಾಗೆ. ಸಾಲ ತೀರಿಸುತ್ತೇನೆ ಎಂದವನ ಮಾತು ಆ ಹೊತ್ತಿನ ಅವನ ಎದೆಬಡಿತದಿಂದ ಸತ್ಯವಾಗುವುದಿಲ್ಲ, ತೀರಿಸಿದ ದಿನ ಸತ್ಯವಾಗುತ್ತದೆ. ಮದುವೆಯ ದಿನ ಸಭೆಯ ಮುಂದೆ ನುಡಿದದ್ದು ನಲವತ್ತು ವರ್ಷ ಬದುಕಿ ತೋರಿಸಿದಾಗ ಸತ್ಯವಾಗುತ್ತದೆ. ಕ್ಷಮಿಸುತ್ತೇವೆ ಎಂಬ ಮಾತನ್ನು ಕ್ಷಮಿಸಲಾಗದ ಹೊತ್ತಿನಲ್ಲಿ ಹೇಳುವವನು ಸುಳ್ಳುಗಾರನಾಗಬೇಕಿಲ್ಲ. ಅವನು ಇನ್ನೂ ತೀರದ ಸಾಲದ ಕಾಗದಕ್ಕೆ ದಿನಾ ಸಹಿ ಹಾಕುತ್ತಿರುವವನು. ತೀರಿಸುವ ಇರಾದೆಯೇ ಇಲ್ಲದೆ ಸಹಿ ಹಾಕಿದರೆ ಮಾತ್ರ ಅದು ಮೋಸ.

ನಿಯಮದ ಬೆಲೆ ತಿಳಿಯುವುದೂ ಇಲ್ಲಿಯೇ. ಅನ್ನಿಸಿದಾಗ ಮಾತ್ರ ಪ್ರಾರ್ಥಿಸುವವನಿಗೆ ಆ ತಮ್ಮನ ಹೆಸರು ಎಂದೂ ಬಾಯಿಗೆ ಬರುವುದಿಲ್ಲ. ಯಾವ ಭಾವ ಬಂದು ಅದನ್ನು ಹೇಳಿಸಬೇಕು? ನಮ್ಮ ಮನಸ್ಸಿಗೆ ಪ್ರಿಯವಾದವರೇ ನಮ್ಮ ಸಹಜ ಪ್ರಾರ್ಥನೆಯಲ್ಲಿ ಬರುವವರು. ಸಹಜವಾದದ್ದೇ ಪ್ರಾಮಾಣಿಕ ಎಂದುಕೊಂಡರೆ ನಮ್ಮ ಪ್ರೀತಿ ಎಲ್ಲಿಗೆ ನಿಂತಿದೆಯೋ ಅಲ್ಲಿಗೇ ಪ್ರಾರ್ಥನೆಯೂ ನಿಂತುಬಿಡುತ್ತದೆ.

ಇನ್ನೊಂದು ಆಕ್ಷೇಪವಿದೆ, ಇದನ್ನು ತತ್ತ್ವಶಾಸ್ತ್ರ ಓದುವವರು ಹೆಚ್ಚು ಕೇಳುತ್ತಾರೆ. ದೇವರಿಗೆ ಎಲ್ಲವೂ ಗೊತ್ತಿದ್ದರೆ ದಿನಾ ಹೇಳುವುದೇಕೆ? ಕೇಳುವ ಮೊದಲೇ ತಂದೆಗೆ ಗೊತ್ತಿದೆ ಎಂದು ಯೇಸುವೇ ಹೇಳಿದ್ದಾನಲ್ಲ? 5ನೆಯ ಶತಮಾನದ ಆರಂಭದಲ್ಲಿ ಪ್ರೋಬಾ ಎಂಬ ರೋಮಿನ ಶ್ರೀಮಂತ ವಿಧವೆ ಪ್ರಾರ್ಥಿಸುವುದು ಹೇಗೆ ಎಂದು ಸಂತ ಅಗಸ್ಟೀನನನ್ನು ಕೇಳಿದ್ದಳು. ಅವನು ಬರೆದ ಉತ್ತರ ಇಂದಿಗೂ ಓದಲು ಸಿಗುತ್ತದೆ. ಅದರ ಸಾರ ಇದು: ನಾವು ಕೇಳುವುದು ದೇವರಿಗೆ ತಿಳಿಸಲಿಕ್ಕಲ್ಲ. ಕೊಡುವ ವರ ದೊಡ್ಡದು, ಪಡೆಯುವ ನಮ್ಮ ಪಾತ್ರೆ ಚಿಕ್ಕದು. ಕೇಳುತ್ತ ಕೇಳುತ್ತ ನಮ್ಮ ಹಂಬಲ ಹಿಗ್ಗುತ್ತದೆ. ಲೌಕಿಕದ ಕೆಲಸಗಳ ನಡುವೆ ಆ ಹಂಬಲ ತಣ್ಣಗಾಗುತ್ತದೆ, ಆದ್ದರಿಂದಲೇ ಗೊತ್ತಾದ ಹೊತ್ತಿಗೆ ಮತ್ತೆ ಮಾತಿಗೆ ತಿರುಗುತ್ತೇವೆ. ಅದೇ ಪತ್ರದಲ್ಲಿ ಅವನು ಈಜಿಪ್ಟಿನ ಸನ್ಯಾಸಿಗಳ ಪದ್ಧತಿಯನ್ನೂ ಹೇಳುತ್ತಾನೆ: ಅವರ ಪ್ರಾರ್ಥನೆಗಳು ಬಹಳ ಚಿಕ್ಕವು, ಬಾಣ ಬಿಟ್ಟಂತೆ, ಮನಸ್ಸು ಮಂಕಾಗುವ ಮೊದಲೇ ಮುಗಿಯುವಂಥವು.

ಮನಸ್ಸು ಮಂಕಾಗುವುದು ದೊಡ್ಡವರಿಗೂ ತಪ್ಪಿದ್ದಲ್ಲ. 16ನೆಯ ಶತಮಾನದ ಆವಿಲಾದ ತೆರೇಸಾ ಪ್ರಾರ್ಥನೆಯ ವಿಷಯದಲ್ಲಿ ಕ್ರೈಸ್ತ ಲೋಕದ ದೊಡ್ಡ ಗುರುಗಳಲ್ಲಿ ಒಬ್ಬಳು. ಕೆಲವು ವರ್ಷಗಳ ಕಾಲ ತಾನು ಪ್ರಾರ್ಥನೆಯ ಒಂದು ಗಂಟೆ ಯಾವಾಗ ಮುಗಿದೀತು ಎಂದೇ ಕಾಯುತ್ತಿದ್ದುದನ್ನು ಅವಳು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಅದೇ ಶತಮಾನದ ಲೊಯೋಲಾದ ಇಗ್ನೇಷಿಯಸ್ ಇಂಥ ಶುಷ್ಕ ಹೊತ್ತಿಗೆ ವಿಚಿತ್ರವಾದ ಮದ್ದು ಹೇಳಿದ: ಗಂಟೆ ಮುಗಿಸುವುದು ಕಷ್ಟ ಅನ್ನಿಸಿದ ದಿನ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚೇ ಕೂತುಕೋ. ನಮ್ಮ ಕಾಲಕ್ಕೆ ಬಂದರೆ, ಕಲ್ಕತ್ತದ ಮದರ್ ತೆರೇಸಾ ತೀರಿಕೊಂಡ 10 ವರ್ಷಗಳ ಬಳಿಕ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದವು. ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ ಎಂಬುದು ಆಗ ಜಗತ್ತಿಗೆ ತಿಳಿಯಿತು. ಕೆಲವರು ಇದನ್ನು ಕಪಟ ಎಂದರು. ನನಗೆ ಹಾಗೆ ಕಾಣುವುದಿಲ್ಲ. ಏನೂ ಸಿಗದ ಕಡೆಗೆ ದಿನಾ ಬೆಳಗ್ಗೆ ಎದ್ದು ಹೋಗುವುದು, ಅಲ್ಲಿಂದ ಬೀದಿಯ ರೋಗಿಗಳ ಕಡೆಗೆ ಹೋಗುವುದು, ಇದಕ್ಕೆ ಲಾಭಕೋರತನದ ಹೆಸರಿಡಲು ಸಾಧ್ಯವಿಲ್ಲ. ಸಿಹಿ ಸಿಗುವಾಗ ಮಾತ್ರ ಬರುವ ಮಗುವಿನ ಪ್ರೀತಿಯನ್ನು ನಾವು ಪೂರ್ತಿ ಬೆಳೆದ ಪ್ರೀತಿ ಎನ್ನುವುದಿಲ್ಲವಲ್ಲ.

ಹಾಗೆಂದು ನಿಯಮಕ್ಕೆ ತನ್ನದೇ ಕೇಡುಗಳಿಲ್ಲವೆಂದಲ್ಲ. ಮೊದಲನೆಯದು ಲೆಕ್ಕದ ಹೆಮ್ಮೆ. ಈಗ ಫೋನಿನ ಆ್ಯಪುಗಳು ಎಷ್ಟು ದಿನ ತಪ್ಪದೆ ಓದಿದೆ, ಎಷ್ಟು ದಿನ ಪ್ರಾರ್ಥಿಸಿದೆ ಎಂದು ಎಣಿಸಿ ತೋರಿಸುತ್ತವೆ. ನೆನಪಿಸುವ ಮಟ್ಟಿಗೆ ಅದು ಸರಿ. ಆದರೆ ಎಣಿಕೆ ಮುರಿಯಬಾರದೆಂದು ಪ್ರಾರ್ಥಿಸತೊಡಗಿದರೆ ಬೀದಿಯ ಮೂಲೆ ನಮ್ಮ ಕೈಗೇ ಬಂದಂತಾಯಿತು, ನೋಡುಗರು ನಾವೇ. ಎರಡನೆಯ ಕೇಡು ಇದಕ್ಕಿಂತ ದೊಡ್ಡದು. ಪ್ರಾರ್ಥಿಸಿದೆನಲ್ಲ ಎಂದು ಮಾಡಬೇಕಾದ್ದನ್ನು ಬಿಡುವುದು. ಯೆಶಾಯನ ಮೊದಲ ಅಧ್ಯಾಯದಲ್ಲಿ ದೇವರು, ಕೈಯಲ್ಲಿ ರಕ್ತವಿರುವವರು ಎಷ್ಟು ಪ್ರಾರ್ಥಿಸಿದರೂ ಕೇಳುವುದಿಲ್ಲ ಎನ್ನುತ್ತಾನೆ. ಆಮೋಸ ಹಾಡು, ಹಬ್ಬ ಎಲ್ಲವನ್ನೂ ಬದಿಗೆ ಸರಿಸಿ ನ್ಯಾಯ ಹರಿಯಲಿ ಎನ್ನುತ್ತಾನೆ. ಮನೆಗೆಲಸದವಳ ಸಂಬಳ ತಡೆಹಿಡಿದು, ಅವಳ ಹೆಸರನ್ನು ಸಂಜೆಯ ಪ್ರಾರ್ಥನೆಯಲ್ಲಿ ಹೇಳಿದರೆ ಆ ನಿಯಮಕ್ಕಿಂತ ನಿಯಮವಿಲ್ಲದಿರುವುದೇ ಮೇಲು. ಅಜ್ಜಿಯ ಅಳತೆಗೋಲು ಇಲ್ಲಿಯೂ ನಡೆಯುತ್ತದೆ: ಹೆಸರು ಹೇಳಿದ ಮೇಲೆ ಬಸ್ಸು ಹತ್ತಬೇಕಾದ ದಿನ ಬಂದಾಗ ಹತ್ತುತ್ತೀಯಾ?

ಹಾಗಾದರೆ ಶುರು ಮಾಡುವುದು ಹೇಗೆ ಎಂದು ಕೇಳುವವರಿಗೆ ನನ್ನಲ್ಲಿರುವುದು ಸಣ್ಣ ಮಾತುಗಳೇ. ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ, ಅದು ಚಿಕ್ಕದಾಗಿರಲಿ. ಮೊದಲ ವಾರದ ಉತ್ಸಾಹದಲ್ಲಿ ಒಂದು ಗಂಟೆ ಎಂದುಕೊಂಡದ್ದು ಪರೀಕ್ಷೆಯ ತಿಂಗಳಿನಲ್ಲಿ ಉಳಿಯುವುದಿಲ್ಲ. ಹತ್ತು ನಿಮಿಷ ಉಳಿಯುತ್ತದೆ. ದಿನಾ ಹೇಗೂ ಮಾಡುವ ಒಂದು ಕೆಲಸಕ್ಕೆ ಅದನ್ನು ಕಟ್ಟಿಹಾಕಿ: ಕಾಫಿಗೆ ಮೊದಲು, ಫೋನು ಕೈಗೆತ್ತಿಕೊಳ್ಳುವ ಮೊದಲು. ಬಾಗಿಲು ಮುಚ್ಚಿಕೊಳ್ಳಲು ಹಾಸ್ಟೆಲಿನಲ್ಲಿ ಕೋಣೆ ಸಿಗದಿದ್ದರೆ ಮಾಳಿಗೆಯ ಮೆಟ್ಟಿಲು ಸಾಕು. ಮೂಲದಲ್ಲೇ ಅದು ಉಗ್ರಾಣವಲ್ಲವೇ? ಸ್ವಂತ ಮಾತು ಬರದ ದಿನ ಎರವಲು ಮಾತು ತೆಗೆದುಕೊಳ್ಳಲು ನಾಚಬೇಡಿ. ದಿನಕ್ಕೊಂದು ಕೀರ್ತನೆ ಓದಿದರೆ ಐದು ತಿಂಗಳಿಗೆ ಪುಸ್ತಕ ಮುಗಿದು ಮತ್ತೆ ಮೊದಲಿಗೆ ಬರುತ್ತದೆ. ಆಮೇಲೆ ಕೆಲವು ಹೆಸರುಗಳು, ಅವುಗಳಲ್ಲಿ ಒಂದು ಹೇಳಲು ಕಷ್ಟವಾಗುವ ಹೆಸರು. ಕೊನೆಗೆ ಒಂದೆರಡು ನಿಮಿಷ ಸುಮ್ಮನಿರುವುದು.

ಮನಸ್ಸು ಓಡಿಹೋಗುತ್ತದೆ. ಸಿಮೋನ್ ವೇಯ್ ಎಂಬ ಫ್ರೆಂಚ್ ತತ್ತ್ವಜ್ಞೆ 1941ರಲ್ಲಿ ದ್ರಾಕ್ಷಿ ಕೊಯ್ಲಿನ ಕೂಲಿಯಾಗಿದ್ದಾಗ ಕರ್ತನ ಪ್ರಾರ್ಥನೆಯನ್ನು ಗ್ರೀಕ್ ಭಾಷೆಯಲ್ಲಿ ದಿನಾ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಪ್ರತಿ ಬೆಳಗ್ಗೆ ಒಂದು ಸಲವಾದರೂ ಪೂರ್ಣ ಗಮನದಿಂದ ಹೇಳುವ ನಿಯಮ ಮಾಡಿಕೊಂಡಳು. ನಡುವೆ ಗಮನ ಚೂರು ಆಚೀಚೆಯಾದರೂ ಮತ್ತೆ ಮೊದಲಿಂದ. ಅವಳು ಯಾವ ಚರ್ಚಿಗೂ ಸೇರದೆ ಹೊಸ್ತಿಲಲ್ಲೇ ನಿಂತವಳು ಎಂಬುದನ್ನು ಯೋಚಿಸಿ. ಅಷ್ಟು ಗಮನ ಎಲ್ಲರಿಗೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆದರೆ ಓಡಿಹೋದ ಮನಸ್ಸನ್ನು ಬೈಯದೆ ಕೈಹಿಡಿದು ಕರೆತಂದು ಕೂರಿಸುವುದು ಪ್ರಾರ್ಥನೆಗೆ ಬಂದ ಅಡ್ಡಿಯಲ್ಲ, ಬಹುಪಾಲು ದಿನ ಅದೇ ಪ್ರಾರ್ಥನೆ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ಸರಿದೂಗಿಸಲು ಹೋಗಬೇಡಿ. ಅದು ಬಡ್ಡಿ ವ್ಯವಹಾರ. ಮರುದಿನದ್ದನ್ನು ಮಾಡಿದರಾಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಕಡೆ ಯಾರೂ ಇಲ್ಲದಿದ್ದರೆ? ರೂಢಿ ಇದಕ್ಕೆ ಪುರಾವೆ ಒದಗಿಸುವುದಿಲ್ಲ. ದಿನಾ ಬಾಗಿಲು ಬಡಿದೆವು ಎಂಬುದರಿಂದ ಒಳಗೆ ಯಾರೋ ಇದ್ದಾರೆಂದು ಸಾಬೀತಾಗುವುದಿಲ್ಲ. ನಾನು ನಂಬುವವನು, ನಂಬಿಕೆಯನ್ನು ವಾದದ ಜಾಗದಲ್ಲಿ ಇಡಲಾರೆ. ಆದರೆ ಕನ್ನಡದ ಒಂದು ಸಂಗತಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮಲ್ಲಿ ಅಪ್ಪನಿಗೆ ‘ನೀವು’ ಎನ್ನುವ ಮನೆಗಳಿವೆ, ಮೇಷ್ಟ್ರಿಗೆ, ಬಸ್ಸಿನ ಅಪರಿಚಿತನಿಗೆ ‘ನೀವು’ ಎನ್ನುತ್ತೇವೆ. ದೇವರಿಗೆ ಮಾತ್ರ ‘ನೀನು’. ವಚನಕಾರರೂ ದಾಸರೂ ಕ್ರೈಸ್ತರೂ ಇದರಲ್ಲಿ ಒಂದೇ. ‘ನೀನು’ ಎನ್ನಲು ಮರ್ಯಾದೆಗಿಂತ ಸಲಿಗೆ ಬೇಕು, ಮತ್ತು ಸಲಿಗೆ ಹುಟ್ಟುವುದು ದಿನಾ ಎದುರಾಗುವವರ ನಡುವೆ. ವರ್ಷಕ್ಕೊಮ್ಮೆ ಉಕ್ಕಿಬಂದ ಭಕ್ತಿಯಲ್ಲಿ ಕಂಡವನನ್ನು ಎಷ್ಟು ಪ್ರೀತಿಸಿದರೂ ಹಾಗೆ ಕರೆಯಲು ನಾಲಿಗೆ ಸ್ವಲ್ಪ ತಡೆಯುತ್ತದೆ. ಹೇಳಲು ಏನೂ ಇಲ್ಲದ ದಿನವೂ ಬಂದು ಪಕ್ಕದಲ್ಲಿ ಕೂತವನಿಗೆ ಆ ಮಾತು ತಾನಾಗಿ ಬರುತ್ತದೆ.